ಮುಖ ಬಿಟ್ಟು ಹೊಡೆದವಳು

ಮದಕರಿಪುರದ ಕುರಿಗಾರ ಚಿತ್ರಲಿಂಗಪ್ಪನ ಮಗಳು ದೇವಿಕಾ ಮೊದಲ ಚಿನ್ನದ ಪದಕ ಗೆದ್ದಿದ್ದು ಒಂದೇ ಒಂದು ಏಟು ಹೊಡೆಯದೆ. ಆಗ ಅವಳಿಗೆ ಹತ್ತೊಂಬತ್ತು. ಐದು ಅಡಿ ಹತ್ತು ಇಂಚು ಎತ್ತರ, ಎಂಬತ್ತಾರು ಕೆ.ಜಿ. ತೂಕ. ಚಿತ್ರದುರ್ಗದ ಕಾಲೇಜಿನಲ್ಲಿ ಗುಂಡು ಎಸೆಯುತ್ತಿದ್ದಳು. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹನುಮಂತರಾಜು ಮುಚ್ಚಿಹೋದ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದರು. ರಾಜ್ಯ ಮಟ್ಟದ ಪಂದ್ಯಕ್ಕೆ ಅವರ ತಂಡದಲ್ಲಿ ಎಂಬತ್ತೊಂದು ಕೆ.ಜಿ. ದಾಟಿದ ಹುಡುಗಿ ಇರಲಿಲ್ಲ. ಮೈದಾನದಲ್ಲಿ ಇವಳನ್ನು ಕಂಡವರೇ, "ಹೆಸರು ಕೊಡಮ್ಮ ಸಾಕು. ಆ ತೂಕದಾಗೆ ಯಾರೂ ಬರಲ್ಲ," ಅಂದರು. ಹಾಗೇ ಆಯಿತು. ರಿಂಗ್ ಹತ್ತಿದಳು, ಎದುರಿನ ಮೂಲೆ ಖಾಲಿ ಇತ್ತು, ರೆಫರಿ ಅವಳ ಕೈ ಎತ್ತಿ ಹಿಡಿದರು.

ಊರಲ್ಲಿ ಬಸ್ ನಿಲ್ಲುವ ಕಡೆ ಫ್ಲೆಕ್ಸ್ ಕಟ್ಟಿದರು. ತಾಯಿ ಹುಚ್ಚಕ್ಕ ಪದಕವನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರನ್ನ ಹೊಡ್ದೆ?" ಅಂದಳು.

"ಯಾರ್ನೂ ಇಲ್ಲ. ಯಾರೂ ಬರ್ಲಿಲ್ಲ."

"ಮತ್ತೆ ಇದ್ನ ಯಾಕೆ ಕೊಟ್ರು?"

ದೇವಿಕಾ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಗೋದಾಮಿಗೆ ಹೋಗಿ, "ನಂಗೆ ನಿಜವಾಗ್ಲೂ ಕಲಿಸ್ರಿ ಸಾರ್," ಅಂದಳು.

ಕಲಿತಳು. ಬೆಳಗಿನ ಜಾವ ಜೋಗಿಮಟ್ಟಿ ರಸ್ತೆಯ ಏರು ಓಡುತ್ತಿದ್ದಳು. ಅವಳ ತೂಕಕ್ಕೆ ಹುಡುಗಿಯರು ಸಿಗದೆ ಗಂಡಸರ ಜೊತೆ ಅಭ್ಯಾಸ ಮಾಡಿದಳು, ಒಮ್ಮೆ ಮೂಗು ಮುರಿಸಿಕೊಂಡಳು. ಐದು ವರ್ಷ ರಾಜ್ಯದ ಚಾಂಪಿಯನ್ ಆದಳು. ಆದರೆ ಅಷ್ಟೂ ವರ್ಷ ಸೇರಿ ರಾಜ್ಯದಲ್ಲಿ ಆಡಿದ ಪಂದ್ಯ ಆರೇ ಆರು. ಬೆಳಗಾವಿ ಕಡೆಯಿಂದ ಒಬ್ಬಳು ಬರುತ್ತಿದ್ದಳು, ಕೆಲವೊಮ್ಮೆ ಇನ್ನೊಬ್ಬಳು. ರಾಷ್ಟ್ರಮಟ್ಟದ ಸೆಮಿಫೈನಲ್‌ನಲ್ಲಿ ಹರಿಯಾಣದವಳ ಮೇಲೆ ಎರಡನೇ ರೌಂಡಿನಲ್ಲಿ ದೇವಿಕಾಳ ಬಲಗೈ ಏಟು ಬಿತ್ತು. ಆ ಹುಡುಗಿ ಕುರ್ಚಿಯ ಮೇಲೆ ಕೂತ ಹಾಗೆ ಮೆಲ್ಲಗೆ ನೆಲಕ್ಕೆ ಕೂತಳು. ಆ ಕ್ಷಣ ಭುಜದವರೆಗೂ ಏರಿ ಬಂದ ಸುಖವನ್ನು ದೇವಿಕಾ ಬೇರೆ ಯಾವುದರಲ್ಲೂ ಕಂಡಿರಲಿಲ್ಲ. ಫೈನಲ್‌ನಲ್ಲಿ ಸೋತು ಬೆಳ್ಳಿ ತಂದಳು.

ಒಂದು ಇಲಾಖೆ ಕ್ರೀಡಾ ಕೋಟಾದಲ್ಲಿ ಅರ್ಜಿ ಕರೆಯಿತು. ಪದಕ, ಸರ್ಟಿಫಿಕೇಟುಗಳ ಕಟ್ಟು ಹಿಡಿದು ಹೋದಳು. ಪರಿಶೀಲನೆಗೆ ಕೂತಿದ್ದ ಅಧಿಕಾರಿ ಒಂದೊಂದೇ ತಿರುವಿ, "ಇದರಲ್ಲಿ ಎಷ್ಟು ಜನ ಆಡಿದ್ರು?" ಎಂದು ಕೇಳಿದರು.

"ಮೂರು ಜನ ಸಾರ್."

"ನಾಲ್ಕು ಜನ ಆಡಿದ್ರೆ ಮಾತ್ರ ಲೆಕ್ಕಕ್ಕೆ ಬರುತ್ತಮ್ಮ. ಇದು?"

"ಇಬ್ರು."

ರಾಷ್ಟ್ರಮಟ್ಟದ ಬೆಳ್ಳಿ ಗೆದ್ದ ಪಂದ್ಯದ ಪಟ್ಟಿಯಲ್ಲಿ ಐದು ಹೆಸರಿದ್ದವು. ಒಬ್ಬಳು ತೂಕ ನೋಡಿಸಲು ಬಂದಿರಲಿಲ್ಲ, ಇನ್ನೊಬ್ಬಳಿಗೆ ಜ್ವರ. ಆಡಿದವರು ಮೂರೇ. ಅದೂ ನಡೆಯಲಿಲ್ಲ.

"ಬರದೇ ಇರೋರ ತಪ್ಪು ನನ್ನ ತಲೆಗಾ ಸಾರ್?"

"ನಿಯಮ ನಾನು ಮಾಡಿಲ್ಲಮ್ಮ," ಅಂದರು ಅವರು. ಕಟ್ಟನ್ನು ಜೋಪಾನವಾಗಿ ಮೊದಲಿನಂತೆಯೇ ಕಟ್ಟಿ ಕೊಟ್ಟರು.

ಮುಂದಿನ ವರ್ಷ ಮತ್ತೆ ಅರ್ಜಿ ಕರೆಯುವವರಿದ್ದರು. ವಯಸ್ಸಿನ ಲೆಕ್ಕದಲ್ಲಿ ದೇವಿಕಾಗೆ ಅದೇ ಕೊನೆಯ ಅವಕಾಶ. ಬಾಕ್ಸಿಂಗಿಗೆ ಇದ್ದದ್ದು ಒಂದೇ ಹುದ್ದೆ. ರಾಜ್ಯದ ಪಂದ್ಯಕ್ಕೆ ನಾಲ್ಕು ಜನ ಆಗಬೇಕು. ಬೆಳಗಾವಿಯವಳು ಬರುತ್ತಾಳೆ, ಇನ್ನಿಬ್ಬರನ್ನು ತಾನೇ ಹುಡುಕಬೇಕು. ದೇವಿಕಾ ಬಸ್ ಹತ್ತಿ ಎದುರಾಳಿಗಳನ್ನು ಹುಡುಕಲು ಹೊರಟಳು. ಹಿರಿಯೂರಲ್ಲಿ ಇಬ್ಬರ ಮನೆಯವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಹೊಸದುರ್ಗದಲ್ಲಿ ಸುಮಿತ್ರಾ ಎಂಬ ಕಬಡ್ಡಿ ಆಟಗಾರ್ತಿ ಒಪ್ಪಿದಳು. ಹೊಳಲ್ಕೆರೆ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಅಂಗಡಿ ಇಟ್ಟಿದ್ದ ಬೋರಕ್ಕನ ಮಗಳು ಪ್ರೀತಿ, ತುಂಬಿದ ಗ್ಯಾಸ್ ಸಿಲಿಂಡರನ್ನು ಸೊಂಟಕ್ಕಿಟ್ಟುಕೊಂಡು ಹೋಗುವುದನ್ನು ನೋಡಿ ದೇವಿಕಾ ಅಲ್ಲೇ ನಿಂತುಬಿಟ್ಟಳು.

"ಕುಂತ್ಕಳವ್ವ," ಎಂದು ಬಜ್ಜಿ ಕೊಟ್ಟ ಬೋರಕ್ಕ, ವಿಷಯ ಕೇಳಿದ ಮೇಲೆ ಮುಖ ಬಿಗಿದಳು. "ಗಂಡು ನೋಡ್ತಾ ಅದೀವಿ. ಮೂಗು, ಹಲ್ಲು ಹೋದ್ರೆ ಯಾರು ಮಾಡ್ಕಂತಾರೆ? ನಿನ್ನ ಮೂಗು ನೋಡು ಹೆಂಗಾಗೈತೆ."

"ನಾನೇ ಕಲಿಸ್ತೀನಿ ಅಕ್ಕ. ಅವಳ ಮುಖಕ್ಕೆ ನನ್ನ ಕೈ ತಾಗಲ್ಲ."

"ಮಾತು?"

"ಮಾತು."

ಪ್ರೀತಿ ದಿನಾ ಬಸ್ಸಿನಲ್ಲಿ ದುರ್ಗಕ್ಕೆ ಬಂದಳು, ಎಂಟು ತಿಂಗಳು. ದೇವಿಕಾ ಅವಳ ಕೈಗೆ ಪಟ್ಟಿ ಸುತ್ತಿದಳು, ಕಾಲಿಡುವುದು ಕಲಿಸಿದಳು, ಗದ್ದ ಇಳಿಸಿಕೊಳ್ಳಲು ಬೈದಳು. ಅಭ್ಯಾಸದಲ್ಲಿ ಒಮ್ಮೆಯೂ ಅವಳ ಮುಖ ಮುಟ್ಟಲಿಲ್ಲ. ಪ್ರೀತಿಯ ಎಡಗೈ ಹಾವಿನ ನಾಲಿಗೆಯಂತೆ ಚುರುಕಾಗಿತ್ತು. ಬರುವಾಗ ಅಂಗಡಿಯಿಂದ ಕಾಗದದಲ್ಲಿ ಸುತ್ತಿದ ಬಜ್ಜಿ ತರುತ್ತಿದ್ದಳು. ಇಬ್ಬರೂ ಗೋದಾಮಿನ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು.

ರಾಜ್ಯದ ಪಂದ್ಯಕ್ಕೆ ನಾಲ್ಕೂ ಜನ ಬಂದರು, ನಾಲ್ವರೂ ತೂಕದಲ್ಲಿ ಪಾಸಾದರು. ದೇವಿಕಾ ಬೆಳಗಾವಿಯವಳನ್ನು ಎರಡನೇ ರೌಂಡಿಗೇ ಮುಗಿಸಿದಳು. ಪ್ರೀತಿ ಸುಮಿತ್ರಾಳನ್ನು ಸೋಲಿಸಿದಳು. ಫೈನಲ್‌ಗೆ ಬೋರಕ್ಕ ಅಂಗಡಿ ಮುಚ್ಚಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಗಂಟೆ ಹೊಡೆದು ಅರ್ಧ ನಿಮಿಷವಾಗಿರಲಿಲ್ಲ, ಪ್ರೀತಿಯ ಗದ್ದ ಮೇಲೆದ್ದಿತು, ಎಂಟು ತಿಂಗಳಿಂದ ಬೈಸಿಕೊಂಡ ಅದೇ ತಪ್ಪು. ದೇವಿಕಾಳ ಬಲಗೈ ಹೊರಟಿತು. ಹಗ್ಗದ ಆಚೆ ಬೋರಕ್ಕ ಕಂಡಳು. ಕೈ ದಾರಿ ಬದಲಿಸಿ ಪಕ್ಕೆಗೆ ಬಿತ್ತು. ಮೈಗೆ ಬಿದ್ದ ಏಟಿಗೂ ಅಂಕ ಉಂಟು, ಆದರೆ ಜಡ್ಜ್‌ಗಳ ಕಣ್ಣು ಮುಖದ ಮೇಲೇ ಇರುತ್ತದೆ. ಪ್ರೀತಿಯನ್ನು ಅಂಥ ಯಾವ ಮಾತೂ ಕಟ್ಟಿಹಾಕಿರಲಿಲ್ಲ. ಅವಳ ಎಡಗೈ ದೇವಿಕಾಳ ಹಣೆ, ಕೆನ್ನೆ, ಆ ಮುರಿದ ಮೂಗಿನ ಮೇಲೆ ಬೀಳುತ್ತಲೇ ಇತ್ತು.

ಎರಡನೇ ರೌಂಡ್ ಮುಗಿದಾಗ ಹನುಮಂತರಾಜು ಅವಳ ಮುಖಕ್ಕೆ ನೀರು ಎರಚಿ, "ಲೇ, ಮುಖ ಬಿಟ್ಟುಕೊಂಡು ನಿಂತವ್ಳೆ, ಹೊಡಿಯೇ!" ಅಂದರು.

"ಆಗಲ್ಲ ಸಾರ್. ಅವ್ರ ಅವ್ವಂಗೆ ಮಾತು ಕೊಟ್ಟೀನಿ."

ಅವರು ಬಾಟಲಿ ಹಿಡಿದುಕೊಂಡೇ ಅವಳನ್ನು ನೋಡಿದರು. "ಮಾತು ಕೊಟ್ಟು ರಿಂಗ್ ಹತ್ತಿದ್ಯಾ?"

ಕೊನೆಯ ರೌಂಡಿನ ಕೊನೆಯ ಅರ್ಧ ನಿಮಿಷದಲ್ಲಿ ದೇವಿಕಾಗೆ ಆ ಸರ್ಟಿಫಿಕೇಟ್ ಕಟ್ಟು ನೆನಪಾಯಿತು. ಹೊಡೆದೇಬಿಟ್ಟಳು. ಪ್ರೀತಿಯ ತುಟಿ ಒಡೆದು ರಕ್ತ ಬಂತು. ಇನ್ನೊಂದು ಏಟು ಹಾಕಿದ್ದರೆ ಪಂದ್ಯ ಮುಗಿಯುತ್ತಿತ್ತು. ಆದರೆ ರಕ್ತ ನೋಡಿ ದೇವಿಕಾಳ ಕೈಯೇ ಇಳಿಯಿತು. ಇಳಿದ ಕೈಯ ಮೇಲಿಂದ ಪ್ರೀತಿಯ ಮೂರು ಏಟು ಬಂದವು. ಐವರು ಜಡ್ಜ್‌ಗಳಲ್ಲಿ ಮೂವರು ಪ್ರೀತಿಯ ಕಡೆ.

ಹೀಗೆ ಮಾತೂ ಉಳಿಯಲಿಲ್ಲ, ಪಂದ್ಯವೂ ಉಳಿಯಲಿಲ್ಲ. ಆ ಒಂದು ಹುದ್ದೆ ಚಿನ್ನ ಗೆದ್ದ ಪ್ರೀತಿಗೆ ಸಿಕ್ಕಿತು. ಐದು ಸಲದ ಚಾಂಪಿಯನ್ ದೇವಿಕಾಳನ್ನು ಹೊಳಲ್ಕೆರೆ ಹುಡುಗಿ ಮಣಿಸಿದಳೆಂದು ಪೇಪರಿನಲ್ಲಿ ಬಂತು. "ಇಷ್ಟು ದಿನ ಎದುರಿಗೆ ಯಾರೂ ಇರ್ಲಿಲ್ಲ, ಅದಕ್ಕೆ ಗೆದ್ದಳು. ಒಬ್ಬಳು ಬಂದ ಕೂಡ್ಲೇ ಬಿದ್ದಳು," ಎಂದು ಮದಕರಿಪುರದ ಕಟ್ಟೆಯ ಮೇಲೆ ಆಡಿಕೊಂಡರು. ಚಿತ್ರಲಿಂಗಪ್ಪ ಅದನ್ನು ಕೇಳಿಸಿಕೊಂಡು ಕುರಿ ಹೊಡೆದುಕೊಂಡು ಹೋದ.

ಆರು ತಿಂಗಳ ಮೇಲೆ ಪ್ರೀತಿ ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಬಂದಳು. ಹುಚ್ಚಕ್ಕ ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಅಕ್ಕ, ಆವತ್ತು ಕೊನೇವರ್ಗೂ ನಿನ್ನ ಬಲಗೈ ನನ್ನ ಮುಖಕ್ಕೆ ಯಾಕೆ ಬರ್ಲಿಲ್ಲ?" ಅಂದಳು.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ದೇವಿಕಾಗೆ ಆಗಲಿಲ್ಲ. "ನಿಮ್ಮವ್ವನ್ನ ಕೇಳು."

ಪ್ರೀತಿ ಅಲ್ಲೇ ತಾಯಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಅದನ್ನೇ ಕೇಳಿದಳು. ಬಜ್ಜಿ ಬೇಯುವ ಎಣ್ಣೆಯ ಸದ್ದಿನ ನಡುವೆ ಬೋರಕ್ಕನ ದನಿ ಬಂತು: "ಅಯ್ಯೋ ಶಿವನೇ, ನಾನಂದಿದ್ದು ಕಲಿಸೋವಾಗ! ಪಂದ್ಯದಾಗೆ ಹೊಡೀಬ್ಯಾಡ ಅಂತ ಯಾರಂದ್ರು? ಹೊಡೀದೆ ಇದ್ರೆ ಅದ್ಯಾವ ಪಂದ್ಯ?"

ಅವಳು ಅಂದು ಹಾಗೇ ಅಂದುಕೊಂಡಿದ್ದಳೋ, ಮಗಳಿಗೆ ಕೆಲಸ ಸಿಕ್ಕ ಮೇಲೆ ಹಾಗನ್ನಿಸಿತೋ, ಅದನ್ನು ಅವಳೇ ಹೇಳಬೇಕು. ಪ್ರೀತಿ ಫೋನ್ ಇಟ್ಟು ಅಳತೊಡಗಿದಳು. "ನಾನು ಕೆಲ್ಸ ಬಿಡ್ಲಾ ಅಕ್ಕ?"

"ಬಿಟ್ರೆ ನಂಗೆ ಕೊಡ್ತಾರಾ? ಎದ್ದು ಹೋಗು," ಅಂದಳು ದೇವಿಕಾ. ಆ ಮೇಲೆ ಪ್ರೀತಿ ಬಂದಿಲ್ಲ.

ದೇವಿಕಾ ಈಗ ಹಿರಿಯೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿನಲ್ಲಿ ಕೆಲಸಕ್ಕಿದ್ದಾಳೆ. ಶಿಫ್ಟ್ ಬಿಟ್ಟಾಗ ಹೆಂಗಸರ ಬ್ಯಾಗ್ ತಪಾಸಣೆ ಮಾಡುವ ಕೆಲಸ. ಹೋದ ತಿಂಗಳು ಹನುಮಂತರಾಜು ಅಲ್ಲಿಗೇ ಬಂದಿದ್ದರು. ನನಗೆ ಮಂಡಿ ನೋವು, ಗೋದಾಮಿನಲ್ಲಿ ಹನ್ನೆರಡು ಹುಡುಗಿಯರಿದ್ದಾರೆ, ನೀನು ಬಂದು ಕಲಿಸು ಎಂದು ಕರೆದರು.

"ಬ್ಯಾಡ ಸಾರ್."

"ಆ ಬೋರಕ್ಕನ ಮಾತೊಂದು ಹಿಡ್ಕಂಡು ಎಷ್ಟು ದಿನ ಕೂರ್ತೀಯ?"

"ಮಾತಲ್ಲ ಸಾರ್," ಅಂದಳು ದೇವಿಕಾ. "ಆ ಮಾತು ಇಲ್ದಿದ್ರೂ ನಾನು ಪ್ರೀತೀನ ಹೊಡ್ದು ಮುಗಿಸ್ತಿರ್ಲಿಲ್ಲ ಅನ್ಸುತ್ತೆ. ಕಲಿಸಿದ ಮ್ಯಾಲೆ ಅವರು ನಮ್ಮೋರಾಗ್ತಾರೆ. ನಮ್ಮೋರ್ನ ಏಟು ತಿನ್ನೋಕೆ ಹೆಂಗೆ ಕಳಿಸ್ಲಿ?"

ಗೇಟಿನ ಎದುರಿನ ಅಂಗಡಿಯಲ್ಲಿ ಇಬ್ಬರೂ ಟೀ ಕುಡಿದರು. ದುರ್ಗದ ಬಸ್ ಬಂತು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದ ಅವರನ್ನು ದೇವಿಕಾ ಕಂಕುಳಿಗೆ ಕೈ ಕೊಟ್ಟು ಎತ್ತಿ ಹತ್ತಿಸಿದಳು.