ಒಂದು ಕೋಣೆಯ ಗೂಡ್ಸ್ ಯಾರ್ಡು

ಒಂದೇ ಕೋಣೆಯಲ್ಲಿ ಬದುಕಿದವರಿಗೆ ಯಾವ ಗುರುವಿನ ನೆರವೂ ಇಲ್ಲದೆ ಸಿದ್ಧಿಸುವ ವಿದ್ಯೆಯೊಂದಿದೆ: ಕೊಡ ತೆಗೆಯಬೇಕಾದರೆ ಮೊದಲು ಸ್ಟೂಲು ಸರಿಸಬೇಕು, ಸ್ಟೂಲು ಸರಿಯಬೇಕಾದರೆ ಟ್ರಂಕು ಬಾಗಿಲಾಚೆ ಹೋಗಬೇಕು, ಟ್ರಂಕು ಹೋಗುವಷ್ಟರಲ್ಲಿ ಏತಕ್ಕೆ ಎದ್ದೆವೆಂಬುದೇ ಮರೆತಿರುತ್ತದೆ. ರೈಲ್ವೆಯವರು ಇದನ್ನು ಷಂಟಿಂಗ್ ಎಂದು ಕರೆದು ಸಂಬಳ ಕೊಡುತ್ತಾರೆ. ನಾನು ಬಿಟ್ಟಿಯಾಗಿಯೇ ಮಾಡಿದವನು.

ಎಪ್ಪತ್ತರ ದಶಕದ ಕೊನೆಯ ಮಾತು. ತರೀಕೆರೆಯಲ್ಲಿ ಮೇಷ್ಟರ ಕೆಲಸದಲ್ಲಿದ್ದ, ಬ್ರಹ್ಮಚಾರಿಯಾದ ನನ್ನ ಬಾಡಿಗೆ ಕೋಣೆಯ ಮುಕ್ಕಾಲು ಪಾಲನ್ನು ಹಳೆಯ ಬಾಗಿಲ ಹಲಗೆಯೊಂದು ಆಕ್ರಮಿಸಿತ್ತು. ಅದರ ಮೇಲೆ ಮುರಿದ ಛತ್ರಿಗಳ ಕಡ್ಡಿಯ ಹಳಿ, ಬೆಂಕಿಪೊಟ್ಟಣದ ವ್ಯಾಗನ್ನು, ಅಂಗಿಗುಂಡಿಯ ಚಕ್ರ; ಸಣ್ಣ ಪೌಡರ್ ಡಬ್ಬಿಯಿಂದ ಅವತರಿಸಿದ ಇಂಜಿನ್ನನ್ನು ಬೆರಳಿನಿಂದಲೇ ನೂಕಬೇಕು. ಸುತ್ತು ಹೊಡೆಯುವ ರೈಲಿಗೆ ಅವಕಾಶವಿಲ್ಲದ್ದರಿಂದ ನಾನು ರಚಿಸಿದ್ದು ಬರೀ ಗೂಡ್ಸ್ ಯಾರ್ಡು: ಮೂರು ಕವಲು ಹಳಿ, ಅವು ಕೂಡುವಲ್ಲಿ ಇಂಜಿನ್ನಿಗೂ ಎರಡೇ ವ್ಯಾಗನ್ನಿಗೂ ಸಾಲುವಷ್ಟು ಒಂದು ತುಂಡು ಹಳಿ. ಬೇಕಾದ ವ್ಯಾಗನ್ನನ್ನು ಉಳಿದವುಗಳ ಸಂದಿಯಿಂದ ಹೊರತರುವುದೇ ಆಟ. ಹಲಗೆ ಇಟ್ಟಿಗೆಗಳ ಮೇಲೆ ನಿಂತಿತ್ತು, ಕೆಳಗೆ ಚಾಪೆ ಹಾಸಿ ನಾನು ಮಲಗುತ್ತಿದ್ದೆ. ಏಳುವಾಗ ತಲೆ ಹೊಡೆದುಕೊಳ್ಳುವುದು ನಿತ್ಯಕರ್ಮಗಳಲ್ಲಿ ಒಂದಾಗಿತ್ತು.

ಹೀಗಿರುವಾಗ ಅಜ್ಜಂಪುರದಲ್ಲಿ ಹೆಣ್ಣು ನೋಡಿ ಬಂದೆ. ಎಲ್ಲರಿಗೂ ಕಾಫಿ ಕೊಟ್ಟು, ತನಗೂ ಒಂದು ಲೋಟ ತೆಗೆದುಕೊಂಡು ನಿರಾಳವಾಗಿ ಕೂತು ಕುಡಿದ ಗಿರಿಜೆ ನನಗೆ ಬಹಳ ಹಿಡಿಸಿದ್ದಳು. ಮದುವೆಯಾದರೆ ಇವಳೇ, ಇಲ್ಲವಾದರೆ ಯಾರೂ ಬೇಡ ಎಂದು ವಾಪಸು ಬರುವ ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಅವರ ಕಡೆಯವರು ಬಂದು ವರನ ಮನೆ ನೋಡುವುದೊಂದು ಬಾಕಿ. ಮುನ್ಸೂಚನೆಯಿಲ್ಲದೆ ಒಂದು ಭಾನುವಾರ ಅವಳ ತಂದೆ, ಈರುಳ್ಳಿ ವ್ಯಾಪಾರಿ ರುದ್ರಪ್ಪನವರು, ಒಬ್ಬರೇ ಬಂದುಬಿಟ್ಟರು.

ಗೋಡೆ, ಸೂರು, ನೀರಿನ ಅನುಕೂಲ, ಯಾವುದನ್ನೂ ಅವರು ವಿಚಾರಿಸಲಿಲ್ಲ. ಹಲಗೆಯ ಮುಂದೆ ನಿಂತರು. ನಿಜವಾದ ಗೂಡ್ಸ್ ಯಾರ್ಡಿನಲ್ಲಿ ತಮ್ಮ ಸರಕಿನ ವ್ಯಾಗನ್ನು ಪರರ ವ್ಯಾಗನ್ನುಗಳ ಹಿಂದೆ ಸಿಕ್ಕಿ, ಈರುಳ್ಳಿ ಒಳಗೇ ಮೊಳೆತದ್ದನ್ನು ಕಂಡುಂಡ ಜೀವ ಅದು.

"ಇದ್ರಾಗೆ ಈರುಳ್ಳಿ ಯಾವ್ದು ಮೇಷ್ಟ್ರೇ?" ಎಂದರು.

ಬಾಯಿಗೆ ಬಂದಂತೆ ಒಂದನ್ನು ತೋರಿಸಿದೆ. ನನ್ನ ಗ್ರಹಚಾರಕ್ಕೆ ಅದು ಮೂರನೆಯ ಕವಲಿನ ತುತ್ತತುದಿಯಲ್ಲಿತ್ತು. ಯಜಮಾನರು ಶಲ್ಯವನ್ನು ಗೂಟಕ್ಕೆ ಹಾಕಿ ಕೆಲಸಕ್ಕಿಳಿದರು. ಉಪ್ಪಿಟ್ಟು ಆರಿತು, ಅವರ ಬಸ್ಸೂ ಹೋಯಿತು, ಈರುಳ್ಳಿ ಮಾತ್ರ ಹೊರಬರಲಿಲ್ಲ.

"ಈ ತುಂಡು ಲೈನು ಇನ್ನೊಂದು ಗೇಣು ಉದ್ದ ಇದ್ದಿದ್ರೆ ಸಲೀಸಾಗಿ ಈಚೆ ಬಂದ್ಬಿಡೋದು ಕಣ್ರೀ."

"ಗೋಡೆ ಅಡ್ಡ ಬಂತಲ್ಲ ಯಜಮಾನ್ರೇ, ಜಾಗ ಇಲ್ಲ."

ಅವರು ಇಂಜಿನ್ನನ್ನು ಕೆಳಗಿಟ್ಟು, ಮೊದಲ ಸಲ ಕೋಣೆಯ ಸುತ್ತ ಕಣ್ಣಾಡಿಸಿದರು. "ಜಾಗ ಇಲ್ವಾ? ಹಂಗಾದ್ರೆ ನಮ್ ಹುಡ್ಗೀನ ಎಲ್ಲಿ ನಿಲ್ಲಿಸ್ತೀರಿ?"

"ಹೇಳಿ ಕಳಿಸ್ತೀವಿ" ಎಂದು ಅವರು ಶಲ್ಯ ತೆಗೆದುಕೊಂಡರು. ಆ ಎರಡು ಪದಗಳ ಅರ್ಥ ಮದುವೆಯ ವಯಸ್ಸಿನ ಯಾವ ಗಂಡಿಗೂ ವಿವರಿಸಬೇಕಾಗಿಲ್ಲ.

ಮರುದಿನವೇ ಗರಗಸ ತಂದೆ. ಈ ಬಾರಿ ಯೋಜನೆಯನ್ನು ತಲೆಕೆಳಗಾಗಿ ಹಾಕಿದೆ: ಮೊದಲು ಸೀಮೆಸುಣ್ಣದಿಂದ ನೆಲದ ಮೇಲೆ ಒಬ್ಬ ಹೆಂಗಸು ಆರಾಮಾಗಿ ನಿಂತು ತಿರುಗುವಷ್ಟು ಸ್ಥಳ ಗುರುತಿಸಿದೆ, ಆಮೇಲೆ ಒಲೆ, ಆಮೇಲೆ ಮಂಚ. ಅವೆಲ್ಲ ಉಂಡು ಬಿಟ್ಟದ್ದು ರೈಲಿಗೆ. ಕಿಟಕಿಯ ಕೆಳಗೆ ಒಂದು ಮೊಳ ಉದ್ದದ ತುಂಡು ಹಲಗೆ, ಎರಡೇ ಕವಲು. ಹಳಿ ಕಿತ್ತಾಗ ಸಂಕಟವಾಯಿತು, ಸುಳ್ಳೇಕೆ. ಆದರೂ ಸ್ಥಳ ಸಂಕೋಚವಾದಷ್ಟೂ ಆಟ ಬಿಗಿಯಾಯಿತು. ಒಂದು ವ್ಯಾಗನ್ನು ಹೊರಬರಲು ಈಗ ಅರ್ಧ ಗಂಟೆಯ ಧ್ಯಾನ ಬೇಕಾಯಿತು.

ವಾರ ಕಳೆದು ಅಜ್ಜಂಪುರದಿಂದ ಒಪ್ಪಿಗೆ ಬಂತು. ಗರಗಸದ ಸದ್ದು ಅಲ್ಲಿಯವರೆಗೆ ಕೇಳಿಸಿರಬೇಕೆಂದು ನನ್ನ ತ್ಯಾಗವನ್ನು ನಾನೇ ಮೆಚ್ಚಿಕೊಂಡೆ.

ಮದುವೆಯಾಗಿ ಮನೆಗೆ ಬಂದ ಗಿರಿಜೆ ಕಿಟಕಿಯ ಕೆಳಗೆ ನೋಡಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. "ರೀ, ಇಷ್ಟೇನಾ? ಮನೆ ತುಂಬಾ ರೈಲು ಹಾಸ್ಕೊಂಡು ಅದ್ರ ಕೆಳಗೆ ಮಲಗ್ತಾನೆ, ಇಂಥೋನು ಬೇಡ ಕಣೇ ಅಂತ ಅಪ್ಪ ಬಂದು ಹೇಳಿದ್ರಲ್ಲ."

"ಅದನ್ನೆಲ್ಲ ಕೊಯ್ದುಬಿಟ್ಟೆ, ನಿನಗೆ ನಿಲ್ಲೋಕೆ ಜಾಗ ಬೇಕಲ್ಲ" ಎಂದೆ, ಹೆಮ್ಮೆಯಿಂದ.

ಅವಳು ಹಣೆಗೆ ಕೈ ಹಚ್ಚಿಕೊಂಡಳು. "ಆ ಮನೆ ತುಂಬಾ ರೈಲಿನ ವಿಷ್ಯ ಕೇಳೇ ಕಣ್ರೀ ನಾನು ಹಟ ಹಿಡಿದು ಅಪ್ಪನ್ನ ಒಪ್ಸಿದ್ದು. ನಿಲ್ಲೋ ಜಾಗ ನಾನು ಹುಡುಕ್ಕೊತಿರ್ಲಿಲ್ವಾ?"