ಗ್ರಹಣದ ದಿನದ ಬದನೆಕಾಯಿ

ಮೊನ್ನೆ ಗ್ರಹಣದ ದಿನ ಮಧುಗಿರಿಯ ನಮ್ಮ ಅಡುಗೆಮನೆಯಲ್ಲಿ ಒಂದು ಬುಟ್ಟಿ ಬದನೆಕಾಯಿ ಹಾಗೇ ಕುಳಿತಿತ್ತು. ಸೊಸೆ ಬಸುರಿ. ಗ್ರಹಣ ಬಿಡುವವರೆಗೆ ಚಾಕು, ಈಳಿಗೆಮಣೆ ಮುಟ್ಟಬೇಡ ಎಂದು ಪಾವಗಡದಿಂದ ಅವಳ ತಾಯಿ ಫೋನ್ ಮಾಡಿದ್ದರು. ಬಸುರಿ ಆ ಹೊತ್ತಿನಲ್ಲಿ ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ಮಾತು ನಿಮ್ಮ ಮನೆಯಲ್ಲೂ ಇದ್ದೀತು. ಮೂಲೆಯಲ್ಲಿದ್ದ ಈಳಿಗೆಮಣೆ ನನ್ನ ದೊಡ್ಡಮ್ಮನದು. ಅವರು ಹೋದ ಮೇಲೆ ನಮ್ಮ ಮನೆಗೆ ಬಂದದ್ದು. ಅದನ್ನು ನೋಡುತ್ತಾ ಹೊಳವನಹಳ್ಳಿಯ ಅವರ ಪಡಸಾಲೆ ನೆನಪಾಯಿತು.

ದೊಡ್ಡಮ್ಮನ ಮಗ ನಾಗರಾಜ ಸೀಳುತುಟಿಯೊಂದಿಗೆ ಹುಟ್ಟಿದವನು. ಅವನು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ಆಕೆ ಇದೇ ಮಣೆಯ ಮೇಲೆ ಬದನೆಕಾಯಿ ಹೆಚ್ಚಿದ್ದರಂತೆ. ಊರಿಗೆ ಅಷ್ಟು ಸಾಕಾಗಿತ್ತು. ಚಿಕ್ಕಂದಿನಲ್ಲೇ ಅವನ ತುಟಿಗೆ ಹೊಲಿಗೆ ಹಾಕಿಸಿದರು. ದೊಡ್ಡವನಾದ ಮೇಲೆ ಅವನು ದಪ್ಪ ಮೀಸೆ ಬಿಟ್ಟು, ಬಸ್ ನಿಲ್ದಾಣದ ಬಳಿ ಪಂಕ್ಚರ್ ಅಂಗಡಿ ಹಾಕಿ, ನಗುನಗುತ್ತಾ ಇದ್ದುಬಿಟ್ಟ. ದೊಡ್ಡಮ್ಮ ಮಾತ್ರ ಬದನೆಕಾಯಿ ತಿನ್ನುವುದನ್ನೇ ಬಿಟ್ಟರು. ಮದುವೆಮನೆಯ ಎಲೆಗೆ ಬಿದ್ದರೂ ಬದಿಗೆ ಸರಿಸುತ್ತಿದ್ದರು.

ನಾಗರಾಜನ ಅಕ್ಕ ರತ್ನಕ್ಕ, ಜಯಮಂಗಲಿ ಹೊಳೆಗೆ ಬಟ್ಟೆ ಒಗೆಯಲು ಹೋದಾಗಲೆಲ್ಲ ಮೀನುಮರಿ ಹಿಡಿದು ಅಂಗೈಯಲ್ಲಿ ಬಿಸಿಲಿಗೆ ಒಡ್ಡಿ ನೋಡುತ್ತಿದ್ದವಳು. ಮುಂದೆ ಜೀವಕೋಶಗಳ ವಿಜ್ಞಾನ ಓದಿ ಬೆಂಗಳೂರಿನ ಪ್ರಯೋಗಾಲಯವೊಂದನ್ನು ಸೇರಿದಳು. ಮೊಟ್ಟೆಯೊಳಗೆ ಮೀನುಮರಿಯ ಮುಖ ಹೇಗೆ ಮೂಡುತ್ತದೆ ಎಂಬುದೇ ಅವಳ ಜೀವಮಾನದ ಸಂಶೋಧನೆ. ಕೇಳಿದವರಿಗೆಲ್ಲ ದೊಡ್ಡಮ್ಮ, "ಮೀನು ಸಾಕ್ತಾಳೆ ಕಣಮ್ಮ" ಎನ್ನುತ್ತಿದ್ದರು. ವರದಿಗಾರನಾಗಿದ್ದ ನಾನು ಅವಳ ಬಗ್ಗೆ ಪತ್ರಿಕೆಯಲ್ಲಿ ಬರೆದ ವರದಿಯೂ ಅದಕ್ಕಿಂತ ಹೆಚ್ಚೇನೂ ಹೇಳಿರಲಿಲ್ಲ. ಮೀನೇ ಯಾಕೆ ಎಂದು ಕೇಳಿದ್ದಕ್ಕೆ ಅವಳು, "ಅವ್ವಂಗೆ ಒಂದಿನ ತೋರಿಸ್ಬೇಕು" ಅಂದಿದ್ದಳು. ಜಾಗವಿಲ್ಲವೆಂದು ಪತ್ರಿಕೆಯ ಡೆಸ್ಕಿನವರು ಆ ವಾಕ್ಯವನ್ನೇ ತೆಗೆದರು.

ದೊಡ್ಡಮ್ಮನ ಕಣ್ಣಿನ ಪೊರೆ ತೆಗೆಸಿದ ಮೇಲೆ ಒಂದು ಭಾನುವಾರ ರತ್ನಕ್ಕ ಸೂಕ್ಷ್ಮದರ್ಶಕ ಹೊತ್ತು ಊರಿಗೆ ಬಂದಳು. ಇಷ್ಟು ದಿನ ಅದಕ್ಕೇ ಕಾದಿದ್ದಳೆಂದು ಕಾಣುತ್ತದೆ. ನಾನೂ ಅಲ್ಲಿದ್ದೆ. ಅದನ್ನು ಪಡಸಾಲೆಯ ಕಿಟಕಿಯ ಬೆಳಕಿಗಿಟ್ಟು, ನೀಲಿ ಬಣ್ಣ ಹಾಕಿದ ಎರಡು ಮೀನುಮರಿಗಳನ್ನು ಗಾಜಿನ ಮೇಲೆ ಜೋಡಿಸಿದಳು.

"ನೋಡವ್ವ, ಮುಖ ಒಂದೇ ಸಲಕ್ಕೆ ಆಗಲ್ಲ. ಎಡದಿಂದ ಒಂದಷ್ಟು ಕಣ, ಬಲದಿಂದ ಒಂದಷ್ಟು ಕಣ ಬಂದು ನಡುವೆ ಕೂಡ್ಕೋತವೆ. ಈಗ ಇನ್ನೊಂದು ನೋಡು."

ಎರಡನೆಯದರ ಮೇಲುದವಡೆಯಲ್ಲಿ ಸಣ್ಣ ಸಂದು.

"ಇದು ಕೂಡ್ಕೊಂಡಿಲ್ಲ," ಎಂದರು ದೊಡ್ಡಮ್ಮ.

"ಹೂಂ. ಇದರವ್ವ ಯಾವ ಬದ್ನೆಕಾಯಿ ಹೆಚ್ಚಿದ್ಲು ಹೇಳು?"

ದೊಡ್ಡಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾಗರಾಜ, "ಅದಕ್ಕೂ ಮೀಸೆ ಬುಡ್ಸಕ್ಕ, ಸರಿಹೋಯ್ತದೆ" ಎಂದ.

"ಸುಮ್ಕಿರ್ಲಾ!" ಎಂದು ಗದರಿದ ದೊಡ್ಡಮ್ಮ, ಆ ಸಂದನ್ನು ಇನ್ನೊಮ್ಮೆ ನೋಡಿ ಕೇಳಿದರು: "ಅಂಗಾದ್ರೆ ನಮ್ ನಾಗಂಗೆ ಯಾಕೆ ಇಂಗಾಯ್ತು?"

ಸಮಾಧಾನಕ್ಕೆ ಏನಾದರೊಂದು ಹೇಳಿಬಿಡಬಹುದಿತ್ತು. ರತ್ನಕ್ಕ ಹೇಳಲಿಲ್ಲ. "ಈ ಮೀನಿಗೆ ಯಾಕೆ ಅಂತ ಒಸಿ ಗೊತ್ತು. ಅವನಿಗೆ ಯಾಕೆ ಅಂತ ಗೊತ್ತಿಲ್ಲ ಕಣವ್ವ. ನೀನು ಹೆಚ್ಚಿದ್ದಕ್ಕಲ್ಲ, ಅಷ್ಟು ಗೊತ್ತು."

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಗೊತ್ತಿಲ್ಲ ಅಂತ ಆವತ್ತು ಒಬ್ರಾದ್ರೂ ಅಂದಿದ್ರೆ ಸಾಕಾಗಿತ್ತು ಕಣೆ. ಎಲ್ರಿಗೂ ಗೊತ್ತಿತ್ತು."

ಮುಂದಿನ ಸಲ ನಾನು ಹೋದಾಗ ಮುದ್ದೆಗೆ ಬದನೆಕಾಯಿ ಸಾರು ಬಡಿಸಿದರು. ತಾವೂ ಉಂಡರೋ ಇಲ್ಲವೋ ನಾನು ಕಣ್ಣಾರೆ ನೋಡಲಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಇಷ್ಟನ್ನೂ ಸೊಸೆಗೆ ಹೇಳಿದೆ. ಅವಳು ಪಾವಗಡಕ್ಕೆ ಫೋನ್ ಹಚ್ಚಿ, ಸ್ಪೀಕರ್‌ಗೆ ಹಾಕಿದಳು.

"ಅಮ್ಮಾ, ಹೆಚ್ಚಿದ್ರೆ ಹಂಗಾಗ್ತದೆ ಅಂತ ನಿಂಗೆ ಗೊತ್ತಾ?"

ಆ ಕಡೆಯಿಂದ ತಾಯಿ ತೆಲುಗಿಗೆ ಹೊರಳಿದರು: "ಏಮೋನಮ್ಮಾ... ಅಂದರೂ ಅಂಟಾರು." ನನಗೇನು ಗೊತ್ತು, ಎಲ್ಲರೂ ಅನ್ನುತ್ತಾರೆ ಎಂದರ್ಥ.

"ಗೊತ್ತಿಲ್ಲ ಅಂದ್ರಲ್ಲ, ಮಾವ" ಎಂದು ಸೊಸೆ ನಕ್ಕಳು. ದೊಡ್ಡಮ್ಮನ ಈಳಿಗೆಮಣೆಯನ್ನು ಮೂಲೆಯಿಂದ ಎಳೆದುಕೊಂಡು ಕುಳಿತಳು. ಹೊರಗೆ ಗ್ರಹಣ ಇನ್ನೂ ಬಿಟ್ಟಿರಲಿಲ್ಲ.