ಎಡಗೈ ಹೊಲಿಗೆ

ನನ್ನ ತಮ್ಮ ಡಾಕ್ಟರು. ಅವನಿಗೆ ಬೇಕಾಗಿದ್ದ ದಿನ ನಾನು ತೋಳು ಚಾಚಲಿಲ್ಲ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕಣ್ಣಿಗೆ ಕಾಣದ್ದನ್ನು ಎಂದೂ ನಂಬಿದವನಲ್ಲ. ಕಣ್ಣೆದುರಿಗಿದ್ದ ತಮ್ಮನನ್ನೂ ನಂಬಲಿಲ್ಲ.

ಮಂಗಳೂರಿನಲ್ಲಿ ಓದು ಮುಗಿಸಿದವನು ಹಳ್ಳಿಯಲ್ಲೇ ಇರುತ್ತೇನೆಂದು ಉಪ್ಪುಂದದ ಹಿರಿಯ ಡಾಕ್ಟರೊಬ್ಬರ ಬಳಿ ಕಲಿಯಲು ಸೇರಿದ. ಹೆರಿಗೆ, ಮುರಿದ ಮೂಳೆ, ಹಲ್ಲುನೋವು, ಹಾವಿನ ಕಡಿತ, ಎಲ್ಲವನ್ನೂ ಇಲ್ಲಿ ಒಬ್ಬನೇ ನೋಡಬೇಕು, ಅದನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲ ಎನ್ನುತ್ತಿದ್ದ. ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಸೀಳಿ ಹೊಲಿಯುತ್ತಿದ್ದ. "ಬಾಳೆಹಣ್ಣಿಗ್ ಎಂತ ಸೀಕ್ ಮಾರಾಯ?" ಎಂದು ನಾನು ನಗುತ್ತಿದ್ದೆ. ಅವನು ಎಡಗೈಯವನು. ಗಂಟುಗಳೆಲ್ಲ ಎಡಕ್ಕೆ ಬೀಳುತ್ತಿದ್ದವು, ನೂಲಿನ ಒಂದು ತುದಿ ಉದ್ದ ಉಳಿಯುತ್ತಿತ್ತು.

ಹಿರಿಯ ಡಾಕ್ಟರದ್ದು ಒಂದು ಕ್ರಮ. ಕಲಿಯಲು ಬಂದವನು ಮೊದಲ ಇಂಜೆಕ್ಷನನ್ನು ಜನರೆದುರು ತನ್ನ ಮನೆಯವರಿಗೇ ಕೊಡಬೇಕು. ಆಮೇಲೆ ಊರು ತಾನಾಗಿ ಬರುತ್ತದೆ. ಕಾಲರಾ ಇಂಜೆಕ್ಷನ್ ಕೊಡುವ ದಿನ ನನ್ನನ್ನು ಕರೆದರು. ಜಗಲಿ ತುಂಬ ಜನ. ತಮ್ಮನ ಎಡಗೈಯಲ್ಲಿ ಸೂಜಿ ಕಂಡದ್ದೇ ನನಗೆ ಅನುಮಾನ ಹತ್ತಿತು. ಆ ಕೈಯಿಂದ ಕೊಟ್ಟ ಮದ್ದು ಮೈಗೆ ಹಿಡಿದೀತೇ?

"ಬ್ಯಾಡ ಡಾಕ್ಟ್ರೆ, ನೀವೇ ಕೊಡಿ" ಎಂದೆ.

ನನ್ನ ಹಿಂದಿದ್ದ ಮುದುಕಿ ಸೆರಗು ಎಳೆದುಕೊಂಡಳು. "ಅಣ್ಣನೇ ಹೆದ್ರತ, ನಂಗೆಂತಕೆ?"

ಜಗಲಿಯೆಲ್ಲ ನಕ್ಕಿತು. ಅಂದಿನಿಂದ ತಮ್ಮನ ಮುಂದೆ ಯಾರೂ ಕೂರಲಿಲ್ಲ. ತಿಂಗಳೊಳಗೆ ಅವನು ಬೊಂಬಾಯಿಯ ಆಸ್ಪತ್ರೆಯೊಂದಕ್ಕೆ ಹೋದ.

ಮೂರು ವರ್ಷದ ನಂತರ, ಒಂದು ಮಧ್ಯಾಹ್ನ, ಮರವಂತೆಯ ಹೊಳೆಬದಿಯಲ್ಲಿ ದೋಣಿಯಿಂದ ತೆಂಗಿನಕಾಯಿ ಇಳಿಸುವಾಗ ನೀರಿನಡಿಯ ಕಪ್ಪೆಚಿಪ್ಪು ತಾಗಿ ನನ್ನ ಪಾದ ಸೀಳಿತು. ರಕ್ತ ಕಂಡು ಕಣ್ಣು ಕತ್ತಲೆ ಬಂತು. ಎಚ್ಚರವಾದಾಗ ಪಾದಕ್ಕೆ ಬಟ್ಟೆ ಸುತ್ತಿತ್ತು.

"ಹೊಲ್ದದ್ ನಿಮ್ ತಮ್ಮನೇ ಅಲ್ದಾ? ಈಗಷ್ಟೇ ಬಸ್ ಹತ್ತಿದ್ರ್" ಎಂದ ದೋಣಿಯವ.

ಸುಳ್ಳುಗಾರ ಎಂದು ಅವನನ್ನು ಬೈದೆ. ಉಪ್ಪುಂದದ ಡಾಕ್ಟರು ಬಟ್ಟೆ ಬಿಚ್ಚಿದರು. ನಾಲ್ಕು ಹೊಲಿಗೆ, ಗಂಟೆಲ್ಲ ಎಡಕ್ಕೆ, ಒಂದು ತುದಿ ಉದ್ದ. "ಅವ ಯಾವಾಗ ಬಂದದ್?" ಎಂದು ಅವರು ನನ್ನನ್ನೇ ಕೇಳಿದರು.

ಕಾಗದ ಬರೆದು ವಿಚಾರಿಸಿದೆ. ಆ ದಿನವಿಡೀ ಬೊಂಬಾಯಿಯ ಆಸ್ಪತ್ರೆಯಲ್ಲೇ ಇದ್ದೆ ಎಂದು ತಮ್ಮನ ಉತ್ತರ ಬಂತು. ದೋಣಿಯವ, ಡಾಕ್ಟರು, ತಮ್ಮ, ಮೂವರೂ ಸೇರಿ ನನ್ನನ್ನು ಆಟವಾಡಿಸಿದರೇ? ಆ ಸಂಶಯ ಇವತ್ತಿಗೂ ಪೂರ್ತಿ ಹೋಗಿಲ್ಲ.

ಗಾಯ ಮಾಯ್ದ ಮೇಲೆ ಡಾಕ್ಟರು ಬಿಚ್ಚಿದ ಹೊಲಿಗೆಯ ನೂಲುಗಳನ್ನು ನಶ್ಯದ ಡಬ್ಬಿಯಲ್ಲಿ ಇಟ್ಟಿದ್ದೆ. ಮರುವರ್ಷ ತಮ್ಮ ಊರಿಗೆ ಬಂದಾಗ ಅವನ ಮುಂದೆ ತೆರೆದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಗಂಟ್ ನಂದೇ ಅಣ್ಣಯ್ಯ. ಹೊಲ್ದದ್ ನಾನಲ್ಲ."

ನಾನು ಅಂಗಿಯ ತೋಳು ಮೇಲಕ್ಕೆ ಮಡಚಿ ಅವನೆದುರು ಕುಳಿತೆ.

"ತಪ್ಪಾಯ್ತ್ ತಮ್ಮ. ಅವತ್ತ್ ತೋಳ್ ಚಾಚ್ಬೇಕಿತ್ತ್ ನಾನ್."